ಗಾಳಿಮಳೆಗೆ ಊರಿನ ಸಂಘಗಳು ಸಜ್ಜಾಗುವುದು ಹೇಗೆ: ಡೈರಿ ಕಾರ್ಯದರ್ಶಿಯೊಬ್ಬಳ ಟಿಪ್ಪಣಿ

ಗಾಳಿಮಳೆಯ ಕಾಲಕ್ಕೆಂದು ಊರಲ್ಲಿ ಹೊಸ ಸಮಿತಿ ಕಟ್ಟಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು, ಕಟ್ಟಬೇಡಿ ಅಂತ. ಹೊಸ ಸಮಿತಿಗೆ ಅಧ್ಯಕ್ಷರು ಸಿಗುತ್ತಾರೆ, ಬೋರ್ಡು ಬರುತ್ತದೆ, ಮೇ ತಿಂಗಳಲ್ಲಿ ಒಂದು ಸಭೆಯೂ ಆಗುತ್ತದೆ. ಆಶ್ಲೇಷ ಮಳೆಯ ನಡುರಾತ್ರಿ ಧರೆ (ಮನೆಯ ಹಿಂದಿನ ಕಡಿದಾದ ಮಣ್ಣುದಿಬ್ಬ) ಕುಸಿದಾಗ ಯಾರ ಮನೆಗೆ ಯಾರು ಓಡಬೇಕು ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಮಲೆನಾಡಿನ ಯಾವ ಊರಲ್ಲಾದರೂ ದಿನಾ ಕೆಲಸ ಮಾಡುವ ಸಂಘಗಳು ಏಳೆಂಟು ಇದ್ದೇ ಇರುತ್ತವೆ: ಹಾಲಿನ ಡೈರಿ, ಸೇವಾ ಸಹಕಾರ ಸಂಘ (ಸೊಸೈಟಿ), ಸ್ತ್ರೀಶಕ್ತಿ ಗುಂಪುಗಳು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಗುಂಪುಗಳು, ಶಾಲೆಯ ಎಸ್‌ಡಿಎಂಸಿ (ಪೋಷಕರ ಉಸ್ತುವಾರಿ ಸಮಿತಿ), ಗಣಪತಿ ಇಡುವ ಹುಡುಗರ ಬಳಗ, ದೇವಸ್ಥಾನದ ಸಮಿತಿ, ಮಸೀದಿಯ ಜಮಾತ್. ಇವುಗಳಿಗೆ ಈಗಾಗಲೇ ಲೆಕ್ಕದ ಪುಸ್ತಕ ಇದೆ, ಬೀಗದ ಕೈ ಯಾರ ಹತ್ತಿರ ಅಂತ ಎಲ್ಲರಿಗೂ ಗೊತ್ತು, ಒಬ್ಬರ ಮಾತು ಇನ್ನೊಬ್ಬರು ಕೇಳುವ ರೂಢಿಯೂ ಇದೆ. ಒಂದೊಂದು ಸಂಘಕ್ಕೂ ಅದು ದಿನಾ ಮಾಡುವ ಕೆಲಸಕ್ಕೆ ಹತ್ತಿರವಾದದ್ದನ್ನೇ ಆಪತ್ತಿನ ಕೆಲಸವಾಗಿ ವಹಿಸಿಬಿಡಬೇಕು. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಅದನ್ನೇ.

ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಘಟ್ಟದ ಕಡೆಗಿರುವ ಊರೊಂದರ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆ ಇದು. ಮಳೆ ನಮಗೆ ಹೊಸದಲ್ಲ, ಆದ್ದರಿಂದಲೇ ಅಪಾಯದ ಮಳೆ ಯಾವುದು ಅಂತ ಗುರುತಿಸುವುದರಲ್ಲಿ ತಡವಾಗುತ್ತದೆ. 2019ರ ಆಗಸ್ಟ್ ಮಳೆಯನ್ನು ತೀರ್ಥಹಳ್ಳಿ, ಹೊಸನಗರ, ಸಾಗರದವರು ಯಾರೂ ಮರೆತಿಲ್ಲ. ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೇ ನೀರು ನುಗ್ಗಿತ್ತು. ಅದಾಗಿ 2021ರ ಮೇ ತಿಂಗಳಲ್ಲಿ ತೌತೆ ಚಂಡಮಾರುತ. ಲಕ್ಷದ್ವೀಪದ ಹತ್ತಿರ ಹುಟ್ಟಿ ನಮ್ಮ ಕರಾವಳಿಯ ಪಕ್ಕದಲ್ಲೇ ಬಡಗಣಕ್ಕೆ ಸಾಗಿ, 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಅದರ ಕಣ್ಣು ನಮ್ಮ ಮೇಲೆ ಹಾಯಲಿಲ್ಲ, ಆದರೂ ಅದರ ಗಾಳಿ ಘಟ್ಟ ಹತ್ತಿ ಬಂದು ಅಡಿಕೆ ಮರಗಳನ್ನು ನಡುವಿಗೇ ಮುರಿದು ಹಾಕಿತು. ಚಂಡಮಾರುತ ಕರಾವಳಿಯವರ ಪಾಡು, ನಮಗೇನು ಅಂತ ಸುಮ್ಮನಿರುವ ಹಾಗಿಲ್ಲ.

ಮನೆಪಟ್ಟಿ

ಏಪ್ರಿಲ್‌ನಲ್ಲಿ, ಅಡಿಕೆ ಸುಲಿತದ ಕೆಲಸ ತೀರಿದ ಮೇಲೆ, ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ತನ್ನಿ. ಊರಿನ ಪ್ರತಿ ಮನೆ ಅದರಲ್ಲಿ ಬರಬೇಕು. ನಮ್ಮ ಕಡೆ ಊರೆಂದರೆ ಸಾಲುಮನೆಗಳಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಗದ್ದೆಬಯಲು, ಒಂದು ಹಳ್ಳ. ಹಾಗಾಗಿ ಮತದಾರರ ಪಟ್ಟಿಯ ಕ್ರಮದಲ್ಲಿ ಬರೆಯಬೇಡಿ, ಕಾಲುದಾರಿಯ ಕ್ರಮದಲ್ಲಿ ಬರೆಯಿರಿ. ಹಳ್ಳ ಅಡ್ಡ ಬಂದ ಕಡೆ ಪುಸ್ತಕದಲ್ಲೂ ಒಂದು ಗೆರೆ ಎಳೆಯಿರಿ. ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಕೊಚ್ಚಿ ಹೋದ ದಿನ ಈಚೆಯವರು ಆಚೆ ಹೋಗಲಾಗದು. ಆದ್ದರಿಂದ ಹಳ್ಳದಾಚೆಯ ಗುಂಪಿಗೆ ಅದರದ್ದೇ ಹಗ್ಗ, ಅದರದ್ದೇ ಟಾರ್ಪಾಲು, ಅದರದ್ದೇ ಅಕ್ಕಿ, ಮುಂದೆ ನಿಂತು ನೋಡಿಕೊಳ್ಳುವ ಅದರದ್ದೇ ಒಬ್ಬರು ಇರಬೇಕು.

ಪ್ರತಿ ಮನೆಯ ಮುಂದೆ ಏನು ಬರೆಯಬೇಕು? ಮಳೆಗಾಲದಲ್ಲಿ ನಿಜವಾಗಿ ಅಲ್ಲಿ ಮಲಗುವವರು ಯಾರು ಅನ್ನುವುದು ಮೊದಲು. ಪಡಿತರ ಚೀಟಿಯಲ್ಲಿ ಆರು ಹೆಸರು ಇರುತ್ತವೆ, ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ, ಮಕ್ಕಳೆಲ್ಲ ಬೆಂಗಳೂರಲ್ಲಿ. ಬೆಂಗಳೂರಿನ ಮಗನ ಅಥವಾ ಮಗಳ ಫೋನ್ ನಂಬರ್ ಬರೆದುಕೊಳ್ಳಿ. ಹಾಸಿಗೆ ಹಿಡಿದವರು, ಬಸುರಿ, ಬಾಣಂತಿ, ಇನ್ಸುಲಿನ್ ಚುಚ್ಚಿಕೊಳ್ಳುವವರು, ಡಯಾಲಿಸಿಸ್‌ಗೆ ಹೋಗುವವರು, ಕಿವಿ ಕೇಳದವರು, ಇವರ ಹೆಸರಿನ ಕೆಳಗೆ ಕೆಂಪು ಗೆರೆ. ದನಕರು ಎಷ್ಟು. ಮನೆಯ ಹಿಂದೆ ಧರೆ ಇದೆಯೇ, ಇದ್ದರೆ ಎಷ್ಟು ಎತ್ತರ. ಕೊನೆಗೆ, ಆ ಮನೆಯಲ್ಲಿ ಊರಿಗೆ ಒದಗುವಂಥದ್ದು ಏನಿದೆ: ಮರ ಕೊಯ್ಯುವ ಮಿಷನ್, ಜೀಪು, ಜನರೇಟರ್, ಉದ್ದದ ಹಗ್ಗ, ದೊಡ್ಡ ಹಂಡೆ, ನರ್ಸ್ ಕೆಲಸ ಕಲಿತ ಸೊಸೆ. ಕಷ್ಟದ ಪಟ್ಟಿಯ ಜೊತೆಗೆ ಶಕ್ತಿಯ ಪಟ್ಟಿಯೂ ಸೇರಿದಾಗಲೇ ಪುಸ್ತಕ ಉಪಯೋಗಕ್ಕೆ ಬರುತ್ತದೆ.

ಇದನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಸಾಲದು. ಕರೆಂಟು ಹೋದ ಎರಡನೇ ದಿನಕ್ಕೆ ಟವರ್ ಸತ್ತಿರುತ್ತದೆ. ಕೈಯಲ್ಲಿ ಬರೆದ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡೈರಿಯಲ್ಲೊಂದು, ಸೊಸೈಟಿಯಲ್ಲೊಂದು, ಹಳ್ಳದಾಚೆಯ ಮನೆಯೊಂದರಲ್ಲಿ ಒಂದು ಇಡಿ. ಒಳರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ: ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿ 1077, ಕರೆಂಟಿಗೆ ಮೆಸ್ಕಾಂ 1912.

ಹಾಲು ಬಾರದ ಮನೆ

ಡೈರಿಯನ್ನು ನಾನು ಮುಂದಿಡುವುದು ನನ್ನ ಸಂಘ ಅಂತಲ್ಲ. ಊರಿನ ಮನೆಗಳ ಸುದ್ದಿ ದಿನಕ್ಕೆ ಎರಡು ಸಲ ತಾನಾಗಿ ಬಂದು ಸೇರುವ ಜಾಗ ಇನ್ನೊಂದಿಲ್ಲ. ಬೆಳಿಗ್ಗೆ ಮತ್ತು ಸಂಜೆ, ಎಂಥ ಮಳೆಯಲ್ಲೂ, ಹಸು ಕರೆಯಲೇಬೇಕು. ಕರೆದ ಹಾಲು ಬರಲೇಬೇಕು. ರಿಜಿಸ್ಟರಿನಲ್ಲಿ ಸದಸ್ಯರ ನಂಬರಿನ ಮುಂದೆ ಖಾಲಿ ಜಾಗ ಉಳಿಯಿತೆಂದರೆ ಆ ಮನೆಗೆ ಏನೋ ಆಗಿದೆ. ಜ್ವರ ಇರಬಹುದು, ಸಂಕ ಮುಳುಗಿರಬಹುದು, ಕೊಟ್ಟಿಗೆ ಮೇಲೆ ಮರ ಬಿದ್ದಿರಬಹುದು.

ಇದನ್ನು ಒಂದು ಕಟ್ಟಳೆಯಾಗಿ ಮಾಡಿಕೊಳ್ಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಾಲು ಅಳೆದು ಮುಗಿದ ಕೂಡಲೇ ಬಾರದವರ ನಂಬರನ್ನು ಚೀಟಿಯಲ್ಲಿ ಬರೆದು ಆ ದಾರಿಯಲ್ಲಿ ಹೋಗುವವರ ಕೈಗೆ ಕೊಡಬೇಕು. ಅವರು ಮನೆಯಂಗಳಕ್ಕೆ ಹೋಗಿ ಕರೆದು, ಮಾತಾಡಿಸಿ, ಸಂಜೆ ಬಂದಾಗ ಉತ್ತರ ಹೇಳಬೇಕು. ದಾರಿಯಿಂದಲೇ ನೋಡಿ ಬಾಗಿಲು ತೆಗೆದಿತ್ತು ಅಂದರೆ ಲೆಕ್ಕಕ್ಕಿಲ್ಲ. ದನ ಸಾಕದ ಮನೆಗಳು ಈ ಬಲೆಗೆ ಬೀಳುವುದಿಲ್ಲವಲ್ಲ, ಅವರನ್ನು ಅಂಗನವಾಡಿ ಕಾರ್ಯಕರ್ತೆಗೂ ನ್ಯಾಯಬೆಲೆ ಅಂಗಡಿಯವರಿಗೂ ಹಂಚಿ. ಕೂಲಿಕಾರರ ಲೈನುಮನೆಗಳನ್ನು, ತೋಟ ಕಾಯಲು ಹೊರಗಿನಿಂದ ಬಂದು ಉಳಿದವರನ್ನು ಯಾರ ಪಟ್ಟಿಯೂ ಹಿಡಿದಿರುವುದಿಲ್ಲ. ಅವರನ್ನು ಬೇಕೆಂದೇ ಹುಡುಕಿ ಸೇರಿಸಬೇಕು.

ಶಿಮುಲ್‌ನ (ಶಿವಮೊಗ್ಗ ಹಾಲು ಒಕ್ಕೂಟದ) ಹಾಲಿನ ಗಾಡಿ ಹೊತ್ತಿಗೆ ಬಾರದಿದ್ದರೆ ಅದೂ ಒಂದು ಸುದ್ದಿ. ಕೆಳಗಿನ ರಸ್ತೆ ಕಡಿದಿದೆ ಅಂತ ಅರ್ಥ. ಆ ಕ್ಷಣವೇ ಪಂಚಾಯ್ತಿಗೆ, ಪಿಡಿಒಗೆ ತಿಳಿಸಿ.

ಗಾಳಿ ಬರುವ ಮುಂಚೆ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ವಿಪರೀತ. ನಮ್ಮ ಕಡೆ ಜುಲೈಯಲ್ಲಿ ನೂರು ಮಿಲಿಮೀಟರ್ ಅಂದರೆ ಯಾರೂ ಕೊಡೆ ಸರಿಮಾಡಿಕೊಳ್ಳುವುದಿಲ್ಲ. ಆದ್ದರಿಂದ ಬಣ್ಣದ ಎಚ್ಚರಿಕೆಯ ಜೊತೆಗೆ ಊರಿನದೇ ಅಳತೆ ಇರಲಿ. ಶಾಲೆಯಂಗಳದಲ್ಲಿ ಒಂದು ಮಳೆಮಾಪಕ ಇಟ್ಟು ಬೆಳಿಗ್ಗೆ ಎಂಟೂವರೆಗೆ ಮಕ್ಕಳೇ ಅಳೆದು ಬರೆಯಲಿ. ಮೂರು ದಿನ ಎಡೆಬಿಡದೆ ಸುರಿದ ಮೇಲೆ ನಾಲ್ಕನೇ ದಿನ ಮಳೆ ಸಣ್ಣದಾದರೂ ಧರೆ ಜಾರುತ್ತದೆ ಅನ್ನುವುದು ಹಿರಿಯರ ಅನುಭವ, ನೆನೆದ ಮಣ್ಣಿನ ಭಾರ ಅಂಥದ್ದು. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433, ಹಗಲು ರಾತ್ರಿ ಉತ್ತರಿಸುತ್ತದೆ. ನಮ್ಮ ಭಾಗಕ್ಕೆ ಮಳೆ ಗಾಳಿ ಹೇಗಿದೆ ಅಂತ ಕೇಳಬಹುದು. ಸಿಡಿಲಿಗೆ ದಾಮಿನಿ ಆ್ಯಪ್ ಇದೆ.

ಮನೆಗೆ ವಾಲಿದ ಮರಗಳ ವಿಚಾರ ಮೇ ತಿಂಗಳಲ್ಲೇ ಮುಗಿಯಬೇಕು. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾದ ಮರಗಳಿಗೆ ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯುವ ಬದಲು, ಗ್ರಾಮ ಅರಣ್ಯ ಸಮಿತಿಯ ಮೂಲಕ ಊರಿನ ಎಲ್ಲ ಅಪಾಯದ ಮರಗಳ ಒಂದೇ ಪಟ್ಟಿಯನ್ನು ಫೋಟೋ ಸಮೇತ ವಲಯ ಕಚೇರಿಗೆ ಕೊಡಿ. ತಂತಿಯ ಮೇಲೆ ಬಾಗಿದ ಕೊಂಬೆಗಳ ಪಟ್ಟಿ ಪವರ್‌ಮ್ಯಾನ್‌ಗೆ.

ಸೊಸೈಟಿಯ ಗೋಡೌನಿನಲ್ಲಿ ಒಂದು ಮೂಲೆ ಇದಕ್ಕೆಂದು ಬಿಡಿಸಿಕೊಳ್ಳಿ. ಟಾರ್ಪಾಲು, ನೈಲಾನ್ ಹಗ್ಗ, ಟಾರ್ಚು, ಬ್ಲೀಚಿಂಗ್ ಪೌಡರ್, ಮೇಣದಬತ್ತಿ, ಕತ್ತಿ, ಗುದ್ದಲಿ. ಹೆಂಚು ಕೂಡ. ಊರಲ್ಲಿ ಯಾರಾದರೂ ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿದಾಗ ಮಂಗಳೂರು ಹೆಂಚುಗಳು ಹಿತ್ತಿಲಲ್ಲಿ ಪಾಚಿ ಹಿಡಿದು ಬಿದ್ದಿರುತ್ತವೆ. ಕೇಳಿದರೆ ಕೊಡುತ್ತಾರೆ. ಗಾಳಿ ಹಾರಿಸಿದ ಮಾಡಿಗೆ ಮಾರನೇ ದಿನವೇ ಹೊದಿಸಲು ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಪೇಟೆಯಿಂದ ಬರುವವರೆಗೆ ಕಾದರೆ ಅಟ್ಟದ ಮೇಲಿನ ಭತ್ತವೂ ಅಡಿಕೆಯೂ ನೆನೆದು ಹೋಗುತ್ತವೆ.

ಧರೆಯಡಿಯ ಮನೆ

ಎಲ್ಲಕ್ಕಿಂತ ಕಷ್ಟದ ಕೆಲಸ ಇದು, ಜೀವ ಹೋಗುವುದೂ ಹೆಚ್ಚಾಗಿ ಇಲ್ಲಿಯೇ. ನಮ್ಮ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿಮಣ್ಣು. ಮೇಲಿನ ಕಲ್ಲಿನಲ್ಲಿ ನೀರು ಇಳಿದು ಹೋಗುತ್ತದೆ. ಶೇಡಿ ಅದನ್ನು ಕುಡಿದು ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ, ಮೇಲಿದ್ದದ್ದು ಇಡಿಯಾಗಿ ಜಾರುತ್ತದೆ. ಮನೆ ಅಂಗಳ ಅಗಲ ಮಾಡಲೆಂದೋ ರಸ್ತೆಗೆಂದೋ ಜೆಸಿಬಿಯಿಂದ ನೆಟ್ಟಗೆ ಕಡಿದ ಧರೆಗಳು ಇನ್ನೂ ಅಪಾಯ, ಯಾಕೆಂದರೆ ಬುಡದ ಆಸರೆಯೇ ಹೋಗಿರುತ್ತದೆ.

ಗುರುತುಗಳನ್ನು ಮನೆಯವರಿಗೆಲ್ಲ ಕಲಿಸಿ. ಧರೆಯ ಮೇಲ್ಭಾಗದ ನೆಲದಲ್ಲಿ ಗೆರೆ ಎಳೆದ ಹಾಗೆ ಬಿರುಕು. ನೆಟ್ಟಗಿದ್ದ ಮರ, ಬೇಲಿಯ ಗೂಟ, ಕರೆಂಟ್ ಕಂಬ ವಾಲುವುದು. ಎಂದೂ ಇಲ್ಲದ ಕಡೆ ಒರತೆ ಏಳುವುದು. ಗೋಡೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದ ಹಾಗೆ ಬಾಗಿಲು ಬಿಗಿಯಾಗಿ ಹಾಕಲು ಬಾರದಿರುವುದು. ಹಳ್ಳದ ನೀರು ಒಮ್ಮೆಲೇ ಕೆಂಪಾಗುವುದು, ಅಥವಾ ಮಳೆ ಸುರಿಯುತ್ತಿದ್ದರೂ ನೀರು ಕಡಿಮೆಯಾಗುವುದು. ಈ ಕೊನೆಯದು ಕಂಡರೆ ಮೇಲೆಲ್ಲೋ ಮಣ್ಣು ಬಿದ್ದು ಹಳ್ಳ ಕಟ್ಟಿಕೊಂಡಿದೆ, ಯಾವಾಗ ಒಡೆದು ಬರುತ್ತದೋ ಹೇಳಲಾಗದು. ಹೊರಟುಬಿಡಬೇಕು. ಹಳ್ಳದ ಗುಂಟ ಕೆಳಗೆ ಓಡಬಾರದು, ಪಕ್ಕದ ಏರಿಗೆ ಹತ್ತಬೇಕು.

ಹೊರಡಿಸುವುದು ಹೇಗೆ? ನಮ್ಮ ಹಿರಿಯರು ಸುಲಭಕ್ಕೆ ಮನೆ ಬಿಡುವವರಲ್ಲ. ಮೇಲಿನಮನೆ ಅಜ್ಜಿಯನ್ನು ಕರೆಯಲು ಹೋದಾಗ ಅವರು ಹೇಳಿದ್ದು, "ನೀವು ಹೋಗಿ ಕಣೆ, ನಾ ಬರಲ್ಲ. ಗೌರಿನ ಕಟ್ಟಿಹಾಕಿ ಎಲ್ಲಿಗೆ ಬರ್ಲಿ?" ಗೌರಿ ಅಂದರೆ ಅವರ ಮಲೆನಾಡು ಗಿಡ್ಡ ಹಸು, ಕರು ಹಾಕಿ ಹೆಚ್ಚು ದಿನ ಆಗಿರಲಿಲ್ಲ. ನಾನು ಆಗ ಅವರ ಜೊತೆ ವಾದಕ್ಕೆ ನಿಲ್ಲಲಿಲ್ಲ. ಸಂಘದ ಇಬ್ಬರು ಹೆಂಗಸರು ಹೋಗಿ ಗೌರಿಯನ್ನೂ ಕರುವನ್ನೂ ನಮ್ಮ ಕೊಟ್ಟಿಗೆಗೆ ಹೊಡೆದುಕೊಂಡು ಬಂದರು, ಹಿಂದೆಯೇ ಅಜ್ಜಿ ದೀಪ ಆರಿಸಿ ಚಿಲಕ ಹಾಕಿ ಬಂದರು. ಜನರನ್ನು ಸ್ಥಳಾಂತರ ಮಾಡಬೇಕೆಂದರೆ ದನಕ್ಕೆ ಜಾಗ ಮೊದಲು ಗೊತ್ತುಮಾಡಿ ಅಂತ ನಾನು ಪ್ರತಿ ಸಭೆಯಲ್ಲೂ ಹೇಳುವುದು ಇದಕ್ಕೇ. ಎತ್ತರದ ಜಾಗದಲ್ಲಿ, ಗಟ್ಟಿ ಮಾಡು ಇರುವ ಕೊಟ್ಟಿಗೆ ಯಾರದ್ದು, ಎಷ್ಟು ದನ ಹಿಡಿಯುತ್ತದೆ, ಹುಲ್ಲು ಎಲ್ಲಿದೆ ಅನ್ನುವುದು ಮನೆಪಟ್ಟಿಯಲ್ಲೇ ಇರಲಿ. ಈ ಕೆಲಸ ಡೈರಿಯದ್ದು. ಸಾಗಿಸಲು ಹೊತ್ತೇ ಇಲ್ಲದಿದ್ದರೆ ಕಣ್ಣಿ ಬಿಚ್ಚಿಬಿಡಿ, ದನ ತಾನೇ ದಿಬ್ಬ ಹುಡುಕಿಕೊಳ್ಳುತ್ತದೆ. ಕಟ್ಟಿದ ದನ ನಿಂತಲ್ಲೇ ಸಾಯುತ್ತದೆ.

ಕರೆಯಲು ಹೋಗುವವರು ಯಾರು ಅನ್ನುವುದೂ ಮುಖ್ಯ. ಅಧಿಕಾರಿ ಬಂದು ಆದೇಶ ಅಂದರೆ ಬಾಗಿಲು ಹಾಕಿಕೊಳ್ಳುವವರು, ತಾವು ಎತ್ತಿ ಆಡಿಸಿದ ಹುಡುಗ ಬಂದು "ಅಜ್ಜಾ, ಇವತ್ತೊಂದು ರಾತ್ರಿ ನಮ್ಮನೇಲಿ ಮಲಗಿ" ಅಂದರೆ ಬರುತ್ತಾರೆ. ಕತ್ತಲಾಗುವ ಮುಂಚೆ ಹೋಗಿ. ಕಾಗದಪತ್ರ, ಔಷಧಿ, ಕನ್ನಡಕ, ಹಲ್ಲಿನ ಸೆಟ್ಟು ಒಂದು ಚೀಲದಲ್ಲಿ ಮೊದಲೇ ಕಟ್ಟಿಸಿಟ್ಟಿರಿ.

ಮರ, ತಂತಿ, ಸಂಕ

ಹುಡುಗರ ಬಳಗಕ್ಕೆ ಉತ್ಸಾಹ ಜಾಸ್ತಿ, ಅದಕ್ಕೆ ಕಟ್ಟುಪಾಡು ಬೇಕು. ಬಿದ್ದ ಮರ ತಂತಿಯನ್ನು ಮುಟ್ಟಿದ್ದರೆ, ಪವರ್‌ಮ್ಯಾನ್ ಬಂದು ಲೈನ್ ತೆಗೆದಿದೆ ಅಂತ ಬಾಯಿಬಿಟ್ಟು ಹೇಳುವವರೆಗೆ ಒಂದು ಕೊಂಬೆಯನ್ನೂ ಮುಟ್ಟಬಾರದು. ಊರಲ್ಲಿ ಕರೆಂಟು ಇಲ್ಲ ಅಂದ ಮಾತ್ರಕ್ಕೆ ತಂತಿ ಸತ್ತಿದೆ ಅಂತಲ್ಲ. ಯಾರದ್ದೋ ಮನೆಯ ಜನರೇಟರಿನಿಂದ ತಿರುಗಿ ಹರಿದಿರಬಹುದು, ಅಥವಾ ಆ ಗಳಿಗೆಯಲ್ಲೇ ಸಬ್‌ಸ್ಟೇಷನ್ನಿಂದ ಬಿಟ್ಟಿರಬಹುದು. ತೋಟದ ತಂತಿಬೇಲಿಯ ಮೇಲೆ ಲೈನ್ ಬಿದ್ದಿದ್ದರೆ ಬೇಲಿಯ ಇನ್ನೊಂದು ತುದಿಯಲ್ಲಿ ಕೈಯಿಟ್ಟವರೂ ಹೋಗುತ್ತಾರೆ. ಬಟ್ಟೆ ಒಣಹಾಕುವ ತಂತಿಯೂ ಹಾಗೆಯೇ.

ಗಾಳಿಗೆ ಬಾಗಿ ಒತ್ತಡದಲ್ಲಿರುವ ಮರ ಕೊಯ್ಯುವಾಗ ಸೀಳಿ ಚಿಮ್ಮುತ್ತದೆ. ವರ್ಷವಿಡೀ ಮಿಷನ್ ಹಿಡಿದು ದುಡಿಯುವವರಷ್ಟೇ ಹಿಡಿಯಲಿ, ಉಳಿದವರು ಕೊಂಬೆ ಎಳೆಯಲಿ. ಮಾಡಿನ ಮೇಲೆ ಹತ್ತಿ ಟಾರ್ಪಾಲು ಕಟ್ಟುವ ಕೆಲಸಕ್ಕೆ ಕೊನೆಗೌಡರನ್ನು ಕೇಳಿ. ಅಡಿಕೆ ಮರದ ತುದಿಯಲ್ಲಿ ಕೂತು ಮರದಿಂದ ಮರಕ್ಕೆ ದಾಟುವವರು ಅವರು. ಹಗ್ಗದ ಗಂಟು, ಎತ್ತರದ ಅಂದಾಜು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಕೂಲಿ ಕೊಟ್ಟೇ ಮಾಡಿಸಿ. ಆಪತ್ತು ಅಂತ ಅವರ ದಿನದ ದುಡಿಮೆ ತಪ್ಪಿಸುವುದು ನ್ಯಾಯವಲ್ಲ, ಸೊಸೈಟಿಯ ಸಾಮಾನ್ಯ ನಿಧಿಯಿಂದಲೋ ದೇವಸ್ಥಾನದ ಹುಂಡಿಯಿಂದಲೋ ಅದಕ್ಕೊಂದು ಮೊತ್ತ ಮೊದಲೇ ತೆಗೆದಿಟ್ಟಿರಬೇಕು.

ಕಾಲುಸಂಕದ ಮೇಲೆ ನೀರು ಹತ್ತಿದ ದಿನ ಎರಡೂ ತುದಿಗೆ ಅಡ್ಡ ಗಳ ಕಟ್ಟಿ. ಮೊಣಕಾಲುದ್ದದ ಹರಿವ ನೀರು ದೊಡ್ಡವರನ್ನೇ ಕೆಡವುತ್ತದೆ. ಶಾಲೆಗೆ ರಜೆ ಕೊಡುವುದು ಮೇಲಿನಿಂದ ಆದೇಶ ಬಂದ ಮೇಲೆ ಅಂತ ಕಾಯದೆ, ಆಚೆಯ ದಡದ ಮಕ್ಕಳನ್ನು ಆ ದಿನ ಕಳಿಸದಿರಲು ಎಸ್‌ಡಿಎಂಸಿ ಮತ್ತು ಶಿಕ್ಷಕರು ಮೊದಲೇ ಒಪ್ಪಿಕೊಂಡಿರಲಿ. ಧರ್ಮಸ್ಥಳ ಯೋಜನೆಯ ಶೌರ್ಯ ವಿಪತ್ತು ನಿರ್ವಹಣಾ ಘಟಕ ನಿಮ್ಮ ವಲಯದಲ್ಲಿದ್ದರೆ ಅದರ ಸ್ವಯಂಸೇವಕರಿಗೆ ಈ ಕೆಲಸಗಳ ತರಬೇತಿ ಇರುತ್ತದೆ, ಅವರನ್ನು ಮಳೆಗಾಲಕ್ಕೆ ಮುಂಚೆಯೇ ಕರೆಸಿ ನಿಮ್ಮ ಹುಡುಗರ ಜೊತೆ ಪರಿಚಯ ಮಾಡಿಸಿ.

ಕಾಳಜಿ ಕೇಂದ್ರ

ಹಿಂದೆ ಗಂಜಿ ಕೇಂದ್ರ ಅನ್ನುತ್ತಿದ್ದದ್ದನ್ನು ಈಗ ಸರ್ಕಾರಿ ಕಾಗದದಲ್ಲಿ ಕಾಳಜಿ ಕೇಂದ್ರ ಅನ್ನುತ್ತಾರೆ. ಶಾಲೆ ಅಥವಾ ಸಮುದಾಯ ಭವನ. ಬೀಗದ ಕೈ ಮುಖ್ಯೋಪಾಧ್ಯಾಯರ ಹತ್ತಿರ ಮಾತ್ರ ಇದ್ದು ಅವರು ತೀರ್ಥಹಳ್ಳಿಯಲ್ಲಿ ವಾಸವಿದ್ದರೆ ಏನು ಮಾಡುವುದು? ಇನ್ನೊಂದು ಕೈ ಊರಲ್ಲೇ ಇರಲಿ. ಅಡುಗೆ ಸ್ತ್ರೀಶಕ್ತಿ ಗುಂಪುಗಳದ್ದು. ಮದುವೆ ಮನೆಗೆ ಐನೂರು ಜನಕ್ಕೆ ಬಡಿಸಿದ ಕೈಗಳಿಗೆ ಅನ್ನ ಸಾರು ಗಂಜಿ ಕಷ್ಟವಲ್ಲ. ಕಷ್ಟವೆಂದರೆ ಒಣಸೌದೆ ಸಿಗದಿರುವುದು, ಆದ್ದರಿಂದ ಮೇ ತಿಂಗಳಲ್ಲೇ ಶಾಲೆಯ ಒಂದು ಕೋಣೆಯಲ್ಲಿ ಸೌದೆ ಒಟ್ಟಿಸಿ.

ಹೆಂಗಸರಿಗೆ ಬೇರೆ ಕೋಣೆ, ಒಳಗಿನಿಂದ ಚಿಲಕ ಇರುವ ಶೌಚಾಲಯ, ದಾರಿಗೆ ದೀಪ. ಮುಟ್ಟಿನ ಪ್ಯಾಡು, ಒಳಬಟ್ಟೆ, ಹಾಲೂಡಿಸಲು ಮರೆ. ಇದನ್ನು ಗಂಡಸರ ಸಭೆಯಲ್ಲಿ ಯಾರೂ ಎತ್ತುವುದಿಲ್ಲ, ನಾವೇ ಎತ್ತಬೇಕು. ಪೇಟೆಯಿಂದ ಏನು ಕಳಿಸಲಿ ಅಂತ ಫೋನ್ ಮಾಡುವವರಿಗೆ ಸ್ಪಷ್ಟವಾಗಿ ಹೇಳಿ: ಹಳೇ ಬಟ್ಟೆ ಬೇಡ. ತೇವದಲ್ಲಿ ಮೂಟೆಗಟ್ಟಲೆ ಬಟ್ಟೆ ಬೂಷ್ಟು ಹಿಡಿಯುತ್ತದೆ, ಅದನ್ನು ವಿಂಗಡಿಸಲು ನಾಲ್ಕು ಜನರ ದಿನ ಹಾಳಾಗುತ್ತದೆ. ಹೊಸ ಕಂಬಳಿ, ಟಾರ್ಪಾಲು, ಪವರ್‌ಬ್ಯಾಂಕು, ಓಆರ್‌ಎಸ್ ಕೇಳಿ. ಹಣ ಬಂದರೆ ಯಾವುದಾದರೂ ಸಂಘದ ಖಾತೆಗೇ ಬರಲಿ, ಇಬ್ಬರ ಸಹಿಯಿಲ್ಲದೆ ತೆಗೆಯಲಾಗದಂತೆ ಇರಲಿ. ಬಂದದ್ದು ಹೋದದ್ದು ಡೈರಿಯ ಗೋಡೆಯ ಮೇಲೆ ದಿನಾ ಬರೆಯಿರಿ. ಒಬ್ಬ ವ್ಯಕ್ತಿಯ ಫೋನ್‌ಪೇಗೆ ಹಣ ಹಾಕಿಸಿಕೊಂಡ ಊರುಗಳಲ್ಲಿ ಮಳೆ ನಿಂತ ಮೇಲೂ ಜಗಳ ನಿಂತಿಲ್ಲ.

ಬಾವಿ

ಕೆಂಪು ನೀರು ನುಗ್ಗಿದ ಬಾವಿಯನ್ನು ಸಾಧ್ಯವಾದಷ್ಟು ಮೊಗೆದು ಹಾಕಿ, ಆಮೇಲೆ ಬ್ಲೀಚಿಂಗ್ ಪೌಡರ್. ಲೆಕ್ಕ ಹೀಗೆ: ಬಾವಿಯ ವ್ಯಾಸವನ್ನು ಅಡಿಯಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 22ರಿಂದ ಗುಣಿಸಿದರೆ ಸುಮಾರಾಗಿ ಎಷ್ಟು ಲೀಟರ್ ಅಂತ ಬರುತ್ತದೆ. 8 ಅಡಿ ವ್ಯಾಸ, 15 ಅಡಿ ನೀರು ಇದ್ದರೆ 21,000 ಲೀಟರ್ ಚಿಲ್ಲರೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಪೌಡರ್ ಅಂದರೆ ಈ ಬಾವಿಗೆ 53 ಗ್ರಾಂ ಹತ್ತಿರ. ನೆರೆ ನೀರು ಹೊಕ್ಕ ಬಾವಿಗೆ ಅದರ ಎರಡರಷ್ಟು. ಪುಡಿಯನ್ನು ನೇರ ಸುರಿಯಬೇಡಿ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿದರೆ ಬೆಳಿಗ್ಗೆ ಸೇದಬಹುದು. ಕ್ಲೋರಿನ್ ಉಳಿದಿದೆಯೋ ಅಂತ ಆರೋಗ್ಯ ಕೇಂದ್ರದವರು ಪರೀಕ್ಷೆ ಮಾಡಿಕೊಡುತ್ತಾರೆ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರ ಇರಬಹುದು, ಅದೇ ದಿನ ಆಸ್ಪತ್ರೆ. ಮುನ್ನೆಚ್ಚರಿಕೆಯ ಡಾಕ್ಸಿಸೈಕ್ಲಿನ್ ಯಾರಿಗೆ ಬೇಕು ಅನ್ನುವುದನ್ನು ವೈದ್ಯರು ಹೇಳಬೇಕು, ಆಶಾ ಕಾರ್ಯಕರ್ತೆಯ ಮೂಲಕ ಕೇಳಿ.

ಕಾಗದಪತ್ರ

ಪರಿಹಾರ ತಪ್ಪಿಹೋಗುವುದು ಬಹಳ ಸಲ ಮೊದಲ ಎರಡು ದಿನದಲ್ಲೇ. ಬಿದ್ದ ಗೋಡೆಯ ಮಣ್ಣು ಎತ್ತುವ ಮುಂಚೆ ಫೋಟೋ ತೆಗೆಯಿರಿ: ದೂರದಿಂದ ಒಂದು, ಮನೆಯವರು ಕಾಣುವಂತೆ ಒಂದು, ಹತ್ತಿರದಿಂದ ಒಂದು. ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ (ಹಿಂದೆ ವಿಎ, ಗ್ರಾಮ ಲೆಕ್ಕಿಗ ಅನ್ನುತ್ತಿದ್ದವರು) ತಿಳಿಸಿ, ಪಂಚಾಯ್ತಿಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಥಳ ಮಹಜರಿಗೆ ಸಹಿ ಹಾಕುವ ಪಂಚರು ಊರಲ್ಲೇ ಸಿಗುವಂತೆ ನೋಡಿಕೊಳ್ಳಿ. ಹಸು ಸತ್ತರೆ ದುಃಖದಲ್ಲಿ ಆಗಲೇ ಗುಂಡಿ ತೋಡಿ ಮಣ್ಣು ಮಾಡಿಬಿಡುತ್ತಾರೆ. ಪಶುವೈದ್ಯರ ಶವಪರೀಕ್ಷೆ ವರದಿ ಇಲ್ಲದೆ ಪರಿಹಾರಕ್ಕೆ ದಾರಿ ಬಹಳ ಕಷ್ಟ. ಡೈರಿಯವರು ಪಶುವೈದ್ಯರನ್ನು ಕರೆಸಿ, ಕಿವಿಯೋಲೆ ನಂಬರ್ ಕಾಣುವಂತೆ ಫೋಟೋ ತೆಗೆಸಿ, ಆಮೇಲೆ ಮಣ್ಣು ಮಾಡಲಿ.

ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000. ಪೂರ್ತಿ ಹಾನಿಯಾದ ಮನೆಗೆ ಬಯಲುಸೀಮೆಯಲ್ಲಿ 1.2 ಲಕ್ಷ, ಗುಡ್ಡಗಾಡಿನಲ್ಲಿ 1.3 ಲಕ್ಷ. ಶೇಕಡ 15ರಷ್ಟಾದರೂ ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಕೊಟ್ಟಿಗೆಗೆ 3,000. ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಶೇಕಡ 33ಕ್ಕಿಂತ ಕಡಿಮೆಯಿಲ್ಲದ ನಷ್ಟವಿದ್ದರೆ ಹೆಕ್ಟೇರಿಗೆ 22,500, ಎರಡು ಹೆಕ್ಟೇರಿನವರೆಗೆ. ಜೀವ ಹೋದರೆ ಕುಟುಂಬಕ್ಕೆ 4 ಲಕ್ಷ. ರಾಜ್ಯ ಸರ್ಕಾರ ಇದರ ಮೇಲೆ ಸೇರಿಸಿ ಕೊಟ್ಟ ವರ್ಷಗಳೂ ಇವೆ, ಆಯಾ ವರ್ಷದ ಆದೇಶವನ್ನು ನಾಡಕಚೇರಿಯಲ್ಲಿ ಕೇಳಿ.

ಪಹಣಿ, ಆಧಾರ್, ಪಾಸ್‌ಬುಕ್ಕಿನ ನಕಲು ಸಾಕಾಗುವ ಮನೆಗಳ ಚಿಂತೆ ನನಗಿಲ್ಲ. ಹಕ್ಕುಪತ್ರ ಕೈಗೆ ಬಾರದೆ, ಬಗರ್‌ಹುಕುಂ ಅರ್ಜಿ ಹಿಡಿದುಕೊಂಡು ಕೂತ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಇವೆ. ಗೋಡೆ ಬಿದ್ದಾಗ ಅವರಿಗೆ ಸಿಗುವ ಮೊದಲ ಪ್ರಶ್ನೆಯೇ ದಾಖಲೆ ಎಲ್ಲಿ ಅನ್ನುವುದು. ಪಂಚಾಯ್ತಿಯ ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್ಲು, ಪಡಿತರ ಚೀಟಿ, ಅರ್ಜಿಯ ಸ್ವೀಕೃತಿ, ಇವನ್ನೆಲ್ಲ ಏಪ್ರಿಲ್‌ನಲ್ಲೇ ಒಂದು ಕವರಿನಲ್ಲಿ ಸೇರಿಸಿಕೊಡಿ. ಆ ಮನೆಯ ಜೊತೆ ಕಚೇರಿಗೆ ಸಂಘದಿಂದ ಒಬ್ಬರು ಹೋಗಲೇಬೇಕು. ಒಂಟಿ ಹೆಂಗಸು ಹೋದರೆ ನಾಳೆ ಬಾ ಅನ್ನುವ ಮೇಜಿನ ಮುಂದೆ ನಾಲ್ಕು ಜನ ಕೂತರೆ ಕಡತ ಸರಿಯುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ ಬೇರೆಯದೇ ದಾರಿ. ಅದರಲ್ಲಿ ತೋಟ ನೋಡಲು ಯಾರೂ ಬರುವುದಿಲ್ಲ. ಪಂಚಾಯ್ತಿ ಮಟ್ಟದ ಮಳೆಮಾಪಕ ತೋರಿಸಿದ ಅಂಕಿಯೇ ಲೆಕ್ಕ. ಹಾಗಾದ್ದರಿಂದ ಆ ಮಾಪಕದ ಮೇಲೆ ಮರದ ಕೊಂಬೆ ಬೆಳೆದಿದೆಯೋ, ದರಕು (ಒಣ ಎಲೆ) ತುಂಬಿ ಕಟ್ಟಿದೆಯೋ ಅಂತ ಮಳೆ ಹಿಡಿಯುವ ಮುಂಚೆ ಸೊಸೈಟಿಯವರು ನೋಡಿ, ಕೆಟ್ಟಿದ್ದರೆ ಪಂಚಾಯ್ತಿಗೂ ವಿಪತ್ತು ಉಸ್ತುವಾರಿ ಕೇಂದ್ರಕ್ಕೂ ಬರೆಯಬೇಕು. ನಾವೇ ಬಿಚ್ಚಿ ರಿಪೇರಿ ಮಾಡಲು ಹೋಗಬಾರದು.

ಮೂರನೇ ವಾರದಿಂದ

ಮೊದಲ ವಾರ ಎಲ್ಲರೂ ಬರುತ್ತಾರೆ, ಟಿವಿಯವರೂ ಬರುತ್ತಾರೆ. ಮೂರನೇ ವಾರಕ್ಕೆ ರಸ್ತೆ ಖಾಲಿ. ಆಗ ಮುಯ್ಯಾಳಿನ ಪದ್ಧತಿ ನೆನಪಿಗೆ ತಂದುಕೊಳ್ಳಿ. ನಾಟಿಗೆ, ಮಾಡು ಹೊದಿಸುವುದಕ್ಕೆ ಹಿಂದೆ ಮನೆಗೊಂದು ಆಳು ಬರುತ್ತಿದ್ದ ಹಾಗೆ, ಈಗಲೂ ಹಾನಿಯಾದ ಒಂದೊಂದು ಮನೆಗೆ ವಾರದಲ್ಲಿ ಒಂದು ದಿನ ಅಂತ ಗೊತ್ತುಮಾಡಿ ಹತ್ತು ಮನೆಯಿಂದ ಹತ್ತು ಆಳು ಹೋದರೆ, ದುಡ್ಡಿಲ್ಲದವರ ಮನೆಯ ಮಾಡೂ ಎದ್ದು ನಿಲ್ಲುತ್ತದೆ. ತಿರುಗಿ ಮುಯ್ಯಿ ತೀರಿಸಲು ಆಳಿಲ್ಲದ ವಿಧವೆಯರ, ಮುದುಕರ ಮನೆಗೆ ಮೊದಲ ವಾರಗಳನ್ನು ಕೊಡಿ.

ತೋಟದಲ್ಲಿ ಉದುರಿದ ಕಾಯಿ, ಮುರಿದ ಮರದ ತುದಿ ಹಾಗೇ ಬಿದ್ದಿದ್ದರೆ ಕೊಳೆ ಹಬ್ಬುತ್ತದೆ. ಮೊದಲು ಅದನ್ನು ಹೆಕ್ಕಿ ಹೊರಗೆ ಹಾಕಿ, ಬಸಿಗಾಲುವೆ ಬಿಡಿಸಿ, ಮಳೆ ಬಿಡುವು ಕೊಟ್ಟ ಕೂಡಲೇ ಶೇಕಡ 1ರ ಬೋರ್ಡೋ ದ್ರಾವಣ ಹೊಡೆಸಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆಳೆಸಾಲದ ಕಂತು ಕಟ್ಟಲಾಗದವರ ಹೆಸರನ್ನು ಸೊಸೈಟಿ ತಾನೇ ಪಟ್ಟಿ ಮಾಡಿ, ಅವಧಿ ವಿಸ್ತರಣೆಗೆ ಜಿಲ್ಲಾ ಬ್ಯಾಂಕಿಗೆ ಬರೆಯಲಿ. ಸಾಲಗಾರರು ಒಬ್ಬೊಬ್ಬರೇ ಬಂದು ಕೇಳಲಿ ಅಂತ ಬಿಟ್ಟರೆ, ನಾಚಿಕೆಯವರು ಬರುವುದೇ ಇಲ್ಲ. ಹಾಲು ಹಾಕುವಾಗ ಮಾತು ಕಡಿಮೆಯಾದವರನ್ನು, ಊಟ ಸೇರುತ್ತಿಲ್ಲ ಅನ್ನುವವರನ್ನು ಗಮನಿಸಿ, ಆಶಾ ಕಾರ್ಯಕರ್ತೆಗೆ ಹೇಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟ ಕಳೆದುಕೊಂಡವರಿಗೆ ಆ ಹೊತ್ತಿನಲ್ಲಿ ಜೊತೆ ಬೇಕು.

ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ. ಆಗ ಎಲ್ಲ ಸಂಘದವರೂ ಡೈರಿಯಲ್ಲಿ ಒಮ್ಮೆ ಸೇರಿ. ಗೋಡೌನಿನಿಂದ ಹೋದ ಟಾರ್ಪಾಲುಗಳನ್ನು ತೊಳೆದು ಒಣಗಿಸಿ ಎಣಿಸಿ ಇಡಿ, ಹರಿದದ್ದನ್ನು ಬರೆದುಕೊಳ್ಳಿ. ಮರ ಕೊಯ್ಯುವ ಮಿಷನ್ನಿನ ಪೆಟ್ರೋಲ್ ಖಾಲಿ ಮಾಡಿಸಿ ಚೈನಿಗೆ ಅರ ಹಾಕಿಸಿ. ಊರಿಗೆ ಹೊಸದಾಗಿ ಬಂದ ಸೊಸೆಯಂದಿರ ಹೆಸರು, ಹುಟ್ಟಿದ ಮಕ್ಕಳು, ಈ ವರ್ಷ ಹೊಸದಾಗಿ ಕಡಿದ ಧರೆಗಳು, ಎಲ್ಲವನ್ನೂ ಮನೆಪಟ್ಟಿಯ ಮೂರೂ ಪ್ರತಿಗಳಲ್ಲಿ ತಿದ್ದಿಸಿ, ಯಾರ ಸಂಕ ಮುಂದಿನ ಬೇಸಿಗೆಯಲ್ಲಿ ಸಿಮೆಂಟಿನದಾಗಬೇಕು ಅನ್ನುವ ಅರ್ಜಿಗೆ ಅಂದೇ ಎಲ್ಲರ ಸಹಿ ಹಾಕಿಸಿಕೊಳ್ಳಿ.